ಎರವಲು ಕಾಲು

ಸೈಮಾ ಅರ್ಚನಾಳ ಮೊಣಕಾಲು ಮುರಿದದ್ದು ಬೇಕಂತಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟು ಆಮೇಲೆ ತೆಗೆದು ತೋರಿಸುವಂಥ ಮಾತಲ್ಲ ಇದು. ಮುರಿದ ಕಾಲು ಯಾರದು, ಮುರಿದವಳು ಯಾರು, ಮುರಿ ಎಂದು ಹೇಳಿ ಕುರ್ಚಿಯಲ್ಲಿ ಕೂತು ಚಹಾ ಕುಡಿದವರು ಯಾರು, ಅಷ್ಟನ್ನು ಕೇಳಿರಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಸೈಮಾ ಕೊಣ್ಣೂರಿನ ಪಿಂಜಾರರ ಹುಡುಗಿ. ಅಪ್ಪ ಅಕ್ಬರಸಾಬ ಜೀವಮಾನವಿಡೀ ಅರಳೆ ಹಿಂಜಿ, ಆ ಧೂಳನ್ನೇ ಉಸಿರಾಡಿ, ಕೆಮ್ಮಿ ಕೆಮ್ಮಿ ಸತ್ತ. ಆಮೇಲೆ ಆ ಕೆಲಸ ಅವ್ವ ಸುಲ್ತಾನಾಬಿಗೆ ಬಂತು, ಅವ್ವನ ಜೋಡಿ ಸೈಮಾಳಿಗೂ ಬಂತು. ಮನೆಮನೆಗೆ ಹೋಗಿ ಹಳೇ ಗಾದಿ ಬಿಚ್ಚುವುದು, ಗಂಟುಗಟ್ಟಿದ ಅರಳೆ ಹಿಂಜುವುದು, ಮತ್ತೆ ತುಂಬಿ ದಬ್ಬಣದಿಂದ ಹೊಲಿಯುವುದು. ಸಂಜೆಯಾದರೆ ರೆಪ್ಪೆಯ ಮೇಲೆ ಅರಳೆ, ಮೂಗಿನಲ್ಲಿ ಅರಳೆ, ಉಗುಳಿದರೂ ಅರಳೆ. ಕೆಲಸ ಅಂಗಳದಲ್ಲಿ. ಚಹಾ ಕಾಗದದ ಲೋಟದಲ್ಲಿ, ಅದೂ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಆ ಮನೆಯವರು ಹೊರಳಾಡುವ ಗಾದಿಯ ಹೊಟ್ಟೆಯೊಳಗೆ ಕೈ ಹಾಕಿದವರು ಇವರು. ಅದಕ್ಕೆ ಮೈಲಿಗೆಯಿಲ್ಲವಂತೆ, ಲೋಟಕ್ಕೆ ಮಾತ್ರ ಇದೆಯಂತೆ. ಎಂಥ ಲೆಕ್ಕವೋ ಏನೋ, ಸುಡಗಾಡು.

ಹುಕ್ಕೇರಿ ದಾರಿಯಲ್ಲಿ ಮುರಿಗೆಪ್ಪ ಸಾವಕಾರರ ಕಾಲೇಜು ಇದೆ. ಅಲ್ಲಿನ ಹಾಸ್ಟೆಲಿನ ಗಾದಿಗಳನ್ನು ಹೊಸದಾಗಿ ತುಂಬಲು ಅವ್ವ ಮಗಳು ಹೋಗಿದ್ದರು. ಸೈಮಾ ಆಗ ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿ. ಮೂರು ಗಾದಿ ಒಂದರ ಮೇಲೊಂದು ತಲೆಯ ಮೇಲಿಟ್ಟುಕೊಂಡು ಎರಡನೇ ಮಜಲಿಗೆ ಹತ್ತುವವಳನ್ನು ಗುರುಪಾದ ಮಾಸ್ತರರು ನೋಡಿದರು. ಕಾಲೇಜಿನ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವ ಮಾಸ್ತರರು ಅವರು. ಕೆಳಗಿಳಿದು ಬಂದಾಗ ಒಂದು ಚೆಂಡನ್ನು ಅವಳ ಕಡೆ ಎಸೆದರು. ಕೈ ತುಂಬಾ ಅರಳೆ ಇತ್ತು. ತಲೆಯಿಂದ ಹೊಡೆದಳು. ಚೆಂಡು ಕಂಪೌಂಡು ದಾಟಿ ರಸ್ತೆಗೆ ಬಿತ್ತು.

"ಏನವಾ, ಕುತ್ತಿಗಿ ಐತೋ, ಕಬ್ಬಿಣದ್ದು ಏನರೆ ಕುಂದರ್ಸೀಯೋ?" ಎಂದರು ಮಾಸ್ತರರು. "ಸಾಲಿ ಕಲೀತೀಯೇನ ಮುಂದ?"

"ಕಲ್ಯಾಕ ಮನಸ ಐತ್ರಿ ಸರ್. ಫೀ ಕಟ್ಟಾಕ ಆಗಾಂಗಿಲ್ಲರಿ."

"ಫೀ ನಾವು ನೋಡ್ಕೋತೇವಿ. ನೀ ಬಾ, ಆಡು."

ಸೀಟು ಪುಕ್ಕಟೆ, ಹಾಸ್ಟೆಲು ಪುಕ್ಕಟೆ. ಸುಲ್ತಾನಾಬಿಗೂ ಹಾಸ್ಟೆಲಿನಲ್ಲಿ ಕಸ ಹೊಡೆಯುವ ಕೆಲಸ, ಇರಲು ಹಿಂದುಗಡೆ ಒಂದು ಖೋಲಿ. ಎಂಥ ದೊಡ್ಡ ಮನಸ್ಸು ನೋಡಿರಿ! ಸುಲ್ತಾನಾಬಿ ಸಾವಕಾರರ ಕಾಲಿಗೆ ಬಿದ್ದಳು. ಸಾವಕಾರರು ಕಾಲು ಹಿಂದಕ್ಕೆಳೆದುಕೊಂಡರು. ದೊಡ್ಡವರು ಸಂಕೋಚದಿಂದ ಎಳೆದುಕೊಂಡರು ಎಂದು ಅವ್ವ ತಿಳಿದಳು.

ಊಟದ ಮನೆಯಲ್ಲಿ ಸೈಮಾಳ ತಾಟಿನ ಹಿಂದೆ ಕೆಂಪು ಉಗುರುಬಣ್ಣದ ಗುರುತು ಹಾಕಿದರು. ಯಾರು ಹಾಕಿದರು, ಯಾರು ಹೇಳಿದರು ಎಂದು ಯಾರೂ ಹೇಳಲಿಲ್ಲ. ಆ ತಾಟನ್ನು ತೊಳೆದು ಬೇರೆ ಕಡೆ ಇಡಬೇಕು, ಅಷ್ಟೇ. ಮೊದಲ ದಿನ ಅವಳು ಮೂಲೆಯಲ್ಲಿ ಕೂತು ಉಣ್ಣುವಾಗ ಅರ್ಚನಾ ಬಂದು ಬಾಜೂ ಕೂತಳು. ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರನ ಮಗಳು, ತಂಡದಲ್ಲಿ ಗೋಲು ಹೊಡೆಯುವವಳು ಅವಳೇ. ಸುಮ್ಮನೆ ಕೈ ಚಾಚಿ ಸೈಮಾಳ ತಾಟಿನೊಳಗಿನ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ತಿಂದಳು.

"ನಿನ್ನ ತಾಟಿನ್ಯಾಗಿಂದ ಪಲ್ಯಾ ಭಾಳ ರುಚಿ ಐತಿ ನೋಡ. ನನಗ ಸಪ್ಪಗಿಂದ ಹಾಕ್ಯಾರ," ಎಂದಳು. ಇಡೀ ಸಾಲು ಇವರನ್ನೇ ನೋಡುತ್ತಿತ್ತು. ಅರ್ಚನಾ ಇನ್ನೊಂದು ತುತ್ತು ತಿಂದಳು. ಅವತ್ತಿನಿಂದ ಅವರು ಗೆಳತಿಯರು.

ಮಾಸ್ತರರು ಸೈಮಾಳನ್ನು ಹಿಂದೆ ನಿಲ್ಲಿಸಿದರು. ಡಿಫೆಂಡರ್. ಮುಂದೆ ಬಂದವರನ್ನು ತಡೆಯುವ ಕೆಲಸ. ಅವರು ಕಲಿಸಿದ್ದು ಒಂದೇ ಶಬ್ದ. ಕೆಡವು. ಚೆಂಡು ಸಿಕ್ಕರೆ ಚೆಂಡು, ಸಿಗದಿದ್ದರೆ ಕಾಲು. ರೆಫರಿ ಆ ಕಡೆ ನೋಡುವಾಗ ಈ ಕಡೆ ಕೆಡವು. ಬಿದ್ದವಳನ್ನು ಎಬ್ಬಿಸಲು ಕೈ ಕೊಡು, ಕೈ ಕೊಡುವಾಗ ಹೆಬ್ಬೆರಳು ತುಳಿ. ಕಲ್ಲು ಹರಳಿನ ಮೈದಾನ. ಬಿದ್ದರೆ ಮೊಣಕೈಯ ಚರ್ಮ ಕಿತ್ತು ಬರುತ್ತಿತ್ತು. ಸೈಮಾ ಹೇಳಿದ್ದನ್ನೆಲ್ಲ ಮಾಡಿದಳು. ಸಾವಕಾರರ ಅಪ್ಪನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಮೂಡಲಗಿಯಲ್ಲಿ ನಡೆಯುವ ಪಂದ್ಯಾವಳಿಯ ಕಪ್ಪು ಎರಡು ವರ್ಷವೂ ಸಾವಕಾರರ ಮನೆಗೇ ಬಂತು. ಪೇಪರಿನಲ್ಲಿ ಸಾವಕಾರರ ಫೋಟೋ ದೊಡ್ಡದು, ಹುಡುಗಿಯರದು ಸಣ್ಣದು.

ಎರಡನೇ ವರ್ಷದ ಕೊನೆಗೆ ಅರ್ಚನಾಳಿಗೆ ಗೋವಾದ ಒಂದು ಕ್ಲಬ್ಬಿನಿಂದ ಟ್ರಯಲ್‌ಗೆ, ಆಡಿ ತೋರಿಸಿ ಆಯ್ಕೆಯಾಗಲಿಕ್ಕೆ, ಕರೆ ಬಂತು. ಪಗಾರ ಕೊಟ್ಟು ಆಡಿಸುವ ಕ್ಲಬ್ಬು. ಅರ್ಚನಾ ಆ ಮೆಸೇಜನ್ನು ಸೈಮಾಳಿಂದ ಹತ್ತು ಸಲ ಓದಿಸಿದಳು. ಅವತ್ತು ಸಂಜೆ ಮಾಸ್ತರರು ಸೈಮಾಳನ್ನು ಒಬ್ಬಳನ್ನೇ ಕರೆದರು.

"ನಾಳಿ ಪ್ರ್ಯಾಕ್ಟೀಸಿನ್ಯಾಗ ಅರ್ಚನಾನ್ನ ಕೆಡವು."

"ಯಾಕ್ರಿ ಸರ್?"

"ಆಕಿ ಹ್ವಾದ್ರ ಕಪ್ಪು ಯಾರು ತರತಾರ? ಹದಿನೈದು ದಿನಾ ಕುಂತ್ರ ಸಾಕು, ಟ್ರಯಲ್ ತಪ್ಪತೈತಿ. ಆಮ್ಯಾಲ ಎದ್ದು ಆಡ್ಲಿ, ಯಾರು ಬ್ಯಾಡಂತಾರ?"

"ಆಕಿ ನನ್ನ ಗೆಳತಿ ಅದಾಳ್ರಿ."

"ಗೆಳತಿ ಸೀಟು ಕೊಟ್ಟಾಳೇನ ನಿನಗ? ನಿಮ್ಮವ್ವಗ ಖೋಲಿ ಕೊಟ್ಟಾಳೇನ?" ಮಾಸ್ತರರು ದನಿ ಏರಿಸಲಿಲ್ಲ. "ಸಾವಕಾರ್ರು ಹೇಳ್ಯಾರ. ನಾ ಹೇಳೂದು ಹೇಳೇನಿ. ಮುಂದಿಂದು ನೀನೂ ಉಂಟು, ನಿಮ್ಮವ್ವಾನೂ ಉಂಟು."

ಸೈಮಾ ಕೆಡವಿದಳು. ಅರ್ಚನಾ ಎಡಕ್ಕೆ ಹೊರಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಹೊರಳುವಾಗ ಬಲಗಾಲಿನ ಮೇಲೆ ಭಾರ ಇರುತ್ತದೆಂದೂ ಗೊತ್ತಿತ್ತು. ಗೆಳತಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಒಳಗೆ ಏನೋ ಹರಿದ ಸಪ್ಪಳ ಇಬ್ಬರಿಗೂ ಕೇಳಿಸಿತು. ಅರ್ಚನಾ ಮಣ್ಣು ಕಚ್ಚಿಕೊಂಡು ಒದರಿದಳು. ಒದರುತ್ತಲೇ ಸೈಮಾಳ ಕೈಯನ್ನೇ ಹಿಡಿದುಕೊಂಡಳು.

ಹದಿನೈದು ದಿನ ಎಂದಿದ್ದರು. ಮೊಣಕಾಲು ಮತ್ತೆ ನೆಟ್ಟಗಾಗಲೇ ಇಲ್ಲ. ಆಪರೇಷನ್ ಮಾತು ಬಂದಾಗ ಕಾಲೇಜಿನವರು ಅದು ನಮಗೆ ಸಂಬಂಧವಿಲ್ಲ ಎಂದರು. ತಿಂಗಳಾದ ಮೇಲೆ, ಆಡದವರಿಗೆ ಹಾಸ್ಟೆಲು ಇಲ್ಲ ಎಂದರು. ಅರ್ಚನಾ ಟ್ರಂಕು ತಗೊಂಡು ಮೂಡಲಗಿಯ ಸೋದರತ್ತೆಯ ಮನೆಗೆ ಹೋದಳು. ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದಳು. "ಆಟ ಅಂದಮ್ಯಾಲ ಆಗೂದ. ಸೈಮಾಂದೇನೂ ತಪ್ಪಿಲ್ಲ."

ಈ ಮಾತು ಸೈಮಾಳ ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಹೆದರಿಕೆ ಇತ್ತು. ಹೆದರಿಕೆಗಿಂತ ಹೆಚ್ಚು ನಾಚಿಕೆ ಇತ್ತು.

ಡಿಗ್ರಿ ಮುಗಿದ ವರ್ಷ ಅದೇ ಗೋವಾದ ಕ್ಲಬ್ಬು ಸೈಮಾಳನ್ನು ಕರೆಯಿತು. ಈ ಸಲ ಸಾವಕಾರರು ತಡೆಯಲಿಲ್ಲ. ಅವರಿಗೆ ಎಲೆಕ್ಷನ್ ಹತ್ತಿರ ಬಂದಿತ್ತು. ನಮ್ಮ ಕಾಲೇಜಿನ ಹುಡುಗಿ ದೇಶದ ಲೀಗಿನಲ್ಲಿ ಆಡುತ್ತಾಳೆ ಎಂದು ಬೋರ್ಡು ಹಾಕಿಸಿದರು. ಆದರೆ ಬಿಟ್ಟುಕೊಡಲಿಲ್ಲ. ಅವಳ ನೋಂದಣಿ, ಕಾಲೇಜಿನ ತಂಡವನ್ನೇ ಆಡಿಸುವ ಸಾವಕಾರರ ಕ್ಲಬ್ಬಿನ ಹೆಸರಿನಲ್ಲೇ ಉಳಿಯಿತು. ಗೋವಾದವರಿಗೆ ಅವಳು ಎರವಲು. ಪ್ರತಿ ವರ್ಷ ಸಾವಕಾರರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಮುಂದಿನ ಸೀಜನ್ ಆಡಬೇಕು. ಹಂಗಾಮಿಗೆ ಪಕ್ಕದ ಹೊಲದವರಿಗೆ ಎತ್ತು ಕೊಡುತ್ತಾರಲ್ಲ, ಹಾಗೆ.

ಗೋವಾದಲ್ಲಿ ತಾಟಿನ ಹಿಂದೆ ಗುರುತಿರಲಿಲ್ಲ. ಅಲ್ಲಿನ ಕೋಚ್ ಒಬ್ಬ ವಯಸ್ಸಾದ ಹೆಂಗಸು. ಮೊದಲ ವಾರವೇ ಸೈಮಾ ಎದುರಿನವಳನ್ನು ಕೆಡವಿದಾಗ ಆಕೆ ಸೀಟಿ ಊದಿ ಆಟ ನಿಲ್ಲಿಸಿದಳು. ಹತ್ತಿರ ಬಂದು ಹಿಂದಿಯಲ್ಲಿ ಕೇಳಿದಳು, ನಿನಗೆ ಕಾಲು ಬೇಕೋ ಚೆಂಡು ಬೇಕೋ? ಹಾಗೆ ಸೈಮಾಳನ್ನು ಯಾರೂ ಕೇಳಿರಲೇ ಇಲ್ಲ. ಆರು ತಿಂಗಳು ಆಕೆ ಇವಳನ್ನು ಕಲಿತದ್ದನ್ನು ಮರೆಯಲಿಕ್ಕೇ ದುಡಿಸಿದಳು. ಕಾಯುವುದು, ಓಡುವವಳ ಕಣ್ಣಿಗೆ ಮೋಸಹೋಗದೆ ಚೆಂಡನ್ನೇ ನೋಡುವುದು, ಹೆಜ್ಜೆ ತಪ್ಪಿದ ಗಳಿಗೆಗೆ ಚೆಂಡನ್ನಷ್ಟೇ ತೆಗೆದುಕೊಳ್ಳುವುದು. ಎರಡನೇ ಸೀಜನ್ನಿನಲ್ಲಿ ಸೈಮಾ ಇಪ್ಪತ್ತು ಮ್ಯಾಚು ಆಡಿದಳು, ತಪ್ಪಾಟಕ್ಕೆ ಒಂದೂ ಕಾರ್ಡು ತಗೊಳ್ಳಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳಿಗೆ ತನ್ನ ಕೆಲಸದ ಮೇಲೆ ಅಭಿಮಾನ ಹುಟ್ಟಿತು. ನಿದ್ದೆಯಲ್ಲಿ ಮಾತ್ರ ಮೊಣಕಾಲು ಹರಿದ ಆ ಸಪ್ಪಳ ಕೇಳುತ್ತಲೇ ಇತ್ತು.

ಸೀಜನ್ ಮುಗಿಸಿ ಊರಿಗೆ ಬಂದಾಗ ಸಾವಕಾರರ ಬುಲಾವು ಬಂತು. ಈ ವರ್ಷದ ಕಪ್ಪಿನ ಫೈನಲ್ಲು ಅವಳು ಆಡಬೇಕು. ಗೋವಾದ ಕ್ಲಬ್ಬಿಗೆ ಒಪ್ಪಿಗೆ ಪತ್ರ ಮುಟ್ಟಲು ಫೈನಲ್ಲಿನ ಮರುದಿನವೇ ಕಡೆಯ ದಿನ.

"ಕಾಗದ ನನ್ನ ಕಿಸೇದಾಗ ಐತಿ," ಎಂದು ಸಾವಕಾರರು ಅಂಗಿಯ ಮೇಲೆ ತಟ್ಟಿ ತೋರಿಸಿದರು. "ಮ್ಯಾಚು ಮುಗೀತಿದ್ದಂಗ ಮೈದಾನದಾಗ ಸಹಿ ಮಾಡಿ ಕೊಡ್ತೇನಿ. ಎಲ್ಲಾರ ಎದುರಿಗೆ."

ಅವರು ನಗುತ್ತಿದ್ದರು. ಸೈಮಾಳಿಗೆ ಆ ನಗು ಸರಿ ಕಾಣಲಿಲ್ಲ.

ಮೂಡಲಗಿಯ ಮೈದಾನಕ್ಕೆ ಮಧ್ಯಾಹ್ನವೇ ಜನ ಸೇರಿದ್ದರು. ಒಂದು ಕಡೆ ಶಾಮಿಯಾನ, ಸೋಫಾ, ಅದರಲ್ಲಿ ಸಾವಕಾರರು. ಮೈಕಿನಲ್ಲಿ ಶಿದ್ಲಿಂಗಪ್ಪ. ಸುತ್ತಲಿನ ಊರುಗಳಲ್ಲಿ ಯಾವ ಆಟ ನಡೆದರೂ ಮೈಕು ಹಿಡಿದು ಒಂದೇ ಉಸಿರಿನಲ್ಲಿ ಆಟವನ್ನೂ ದಾನಿಗಳ ಹೆಸರನ್ನೂ ಹೇಳುವ ಮನುಷ್ಯ ಅವನು. ಸೈಮಾ ಬೂಟು ಕಟ್ಟಿಕೊಳ್ಳುತ್ತಿದ್ದಾಗ ಅರ್ಚನಾ ಕಾಲೆಳೆಯುತ್ತ ಬಂದಳು. ಈಗ ಅತ್ತೆಯ ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಕಾಲಿನಿಂದ ತುಳಿಯಲಿಕ್ಕಾಗದು, ಮೋಟರು ಹಚ್ಚಿದ ಮಶೀನು.

"ನಿನ್ನ ಆಟ ಮೊಬೈಲಿನ್ಯಾಗ ಒಂದೂ ಬಿಟ್ಟಿಲ್ಲ ನಾ," ಎಂದಳು ಅರ್ಚನಾ. "ಎಷ್ಟ ಚಂದ ಕಸಗೋತೀಯಲ್ಲೇ ಚೆಂಡ! ನಮ್ಮತ್ತಿಗೆ ತೋರಿಸಿ ತೋರಿಸಿ, ಇಕಿ ನನ್ನ ತಾಟಿನ್ಯಾಗ ಉಂಡಾಕಿ ಅಂತ ಹೇಳ್ತೇನಿ."

"ನಾ ಅಲ್ಲ. ನೀ ನನ್ನ ತಾಟಿನ್ಯಾಗ ಉಂಡಿ," ಎಂದಳು ಸೈಮಾ. ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು.

ಅರ್ಚನಾ ಆ ಕಡೆ ಹೋಗಿದ್ದೇ ತಡ, ಗುರುಪಾದ ಮಾಸ್ತರರು ಬಂದು ಕುಕ್ಕರಗಾಲಿನಲ್ಲಿ ಕೂತರು.

"ಗೋಕಾಕ ಟೀಮಿನ್ಯಾಗ ಹತ್ತನೇ ನಂಬರಿನ ಹುಡುಗಿ. ಶೆಟ್ಟೆವ್ವ ಅಂತ, ಕೌಜಲಗಿ ಕಡೆ ಕುರಿ ಕಾಯೋರ ಮಗಳು. ನೋಡಿದೇನ?"

ಸೈಮಾ ನೋಡಿದ್ದಳು. ಅಜ್ಜಿಯ ಹೆಸರು ಹೊತ್ತ ಹದಿನೇಳು ವರ್ಷದ ಕಡ್ಡಿಯಂಥ ಹುಡುಗಿ. ಚೆಂಡು ಅವಳ ಕಾಲಿಗೆ ಅಂಟಿಕೊಂಡೇ ಓಡುತ್ತಿತ್ತು.

"ನಮ್ಮ ಕಾಲೇಜಿಗೆ ಬಾ ಅಂದ್ರ ಒಲ್ಲೆ ಅಂದಾಳ. ಮುಂದಿನ ತಿಂಗಳ ಟ್ರಯಲ್ ಐತಂತ ಆಕಿಗೆ. ಸಾವಕಾರ್ರು ಹೇಳ್ಯಾರ." ಮಾಸ್ತರರು ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡರು. "ಕೆಡವು."

"ಸರ್..."

"ಏನ್ ಸರ್? ಹೊಸಾ ಕೆಲಸ ಏನ ನಿನಗ ಇದು?"

ಆಟ ಶುರುವಾಯಿತು. ಶೆಟ್ಟೆವ್ವ ಎರಡು ಸಲ ನುಗ್ಗಿ ಬಂದಳು. ಎರಡು ಸಲವೂ ಸೈಮಾ ಚೆಂಡನ್ನಷ್ಟೇ ತೆಗೆದುಕೊಂಡಳು. ಮೂರನೇ ಸಲ ಹುಡುಗಿ ಎಡಕ್ಕೆ ಹೊರಳಿದಳು. ಥೇಟ್ ಅರ್ಚನಾ ಹೊರಳಿದ ಹಾಗೆ. ಭಾರವೆಲ್ಲ ಬಲಗಾಲಿನ ಮೇಲೆ. ಸೈಮಾಳ ಕಾಲು ತಾನಾಗಿಯೇ ಎದ್ದಿತು, ಕಲಿತ ಕಾಲು ಅದು. ಶಾಮಿಯಾನದ ಕಡೆಯಿಂದ "ಕೆಡವು" ಎಂಬ ಕೂಗು ಬಂತು. ಸೈಮಾ ಕಾಲನ್ನು ಹಿಂದಕ್ಕೆಳೆದುಕೊಂಡಳು. ಎಳೆದುಕೊಂಡ ರಭಸಕ್ಕೆ ತಾನೇ ಮಣ್ಣಿಗೆ ಬಿದ್ದಳು. ಶೆಟ್ಟೆವ್ವ ಅವಳನ್ನು ದಾಟಿಹೋಗಿ ಗೋಲು ಹೊಡೆದಳು.

ಜನ ಹೋ ಎಂದರು. ಸೈಮಾ ಎದ್ದು ಕೂತಳು. ತನ್ನ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಗೋಲು ಬಿಟ್ಟದ್ದಕ್ಕಲ್ಲ. ಅಷ್ಟು ಎತ್ತರಕ್ಕೆ ಆ ಕಾಲು ಎದ್ದಿತ್ತಲ್ಲ, ಅದಕ್ಕೆ.

ಅರ್ಧ ಆಟ ಮುಗಿಯಿತು. ನಮ್ಮ ಕಡೆ ಹಾಫ್ ಟೈಮ್ ಎಂದರೆ ನೀರು ಕುಡಿದು ಸುಧಾರಿಸಿಕೊಳ್ಳುವ ಹೊತ್ತಲ್ಲ, ಸತ್ಕಾರದ ಹೊತ್ತು. ದಾನಿಗಳಿಗೆ ಶಾಲು, ಗಣ್ಯರಿಗೆ ಹಾರ, ಅವರ ಮಕ್ಕಳಿಗೂ ಒಂದೊಂದು ಹಾರ. ಸತ್ಕಾರ ಮಾಡಿಸಿಕೊಂಡವರು ಮೈಕು ಹಿಡಿದು ಸಾವಕಾರರನ್ನು ಎರಡು ಮಾತು ಹೊಗಳಬೇಕು. ಈ ಪದ್ಧತಿ ತಪ್ಪುವುದಿಲ್ಲ. ಶಿದ್ಲಿಂಗಪ್ಪ ಸೈಮಾಳ ಹೆಸರು ಕೂಗಿದ. ಬೆವರು, ಮಣ್ಣು ಮೆತ್ತಿದ ಮೈಗೆ ಸಾವಕಾರರು ಶಾಲು ಹೊದಿಸಿದರು. ಹೊದಿಸುವ ನೆವದಲ್ಲಿ ಕಿವಿಯ ಹತ್ತಿರ ಬಾಗಿದರು.

"ಮುಂದಿನ ಹಾಫಿನ್ಯಾಗ ಆ ಕುರಿಯವರ ಹುಡುಗಿ ನೆಲಾ ಹಿಡೀಬೇಕು. ಇಲ್ಲಂದ್ರ ಕಾಗದಾನೂ ಇಲ್ಲ, ನಿಮ್ಮವ್ವಗ ಖೋಲಿನೂ ಇಲ್ಲ. ನಗು ಈಗ, ಫೋಟೋ ತಗ್ಯಾಕತ್ತಾರ."

ಮೈಕು ಅವಳ ಕೈಗೆ ಬಂತು. ಎದುರಿಗೆ ಸಾವಿರ ಜನ. ಮುಂದಿನ ಸಾಲಿನಲ್ಲಿ ಅರ್ಚನಾ ಮೊಬೈಲು ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದಳು. ಸೈಮಾ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು.

"ನಾ ಸೈಮಾ ಪಿಂಜಾರ," ಎಂದಳು. "ಸಾವಕಾರ್ರ ಬಗ್ಗೆ ಎರಡ ಮಾತ ಹೇಳ ಅಂದಾರ. ಹೇಳ್ತೇನಿ. ಮೂರು ವರ್ಷದ ಹಿಂದ ಅರ್ಚನಾನ ಮೊಣಕಾಲು ಮುರದಾಕಿ ನಾನು. ಆಟದಾಗ ಆಗಿದ್ದಲ್ಲ. ಬೇಕಂತ ಮುರದೇನಿ."

ಅರ್ಚನಾ ಎತ್ತಿ ಹಿಡಿದ ಮೊಬೈಲು ಕೆಳಗಿಳಿಯಿತು.

"ಕೆಡವು ಅಂದವ್ರು ಗುರುಪಾದ ಮಾಸ್ತರ್ರು. ಅವ್ರಿಗೆ ಹೇಳಿದವ್ರು ಈ ಸಾವಕಾರ್ರು. ಆಕಿ ಟ್ರಯಲ್ಲಿಗೆ ಹೋಗಬಾರ್ದಂತ. ಇವತ್ತ ಅಲ್ಲಿ ನಿಂತಾಳಲ್ಲ ಶೆಟ್ಟೆವ್ವ, ಆಕಿನ್ನೂ ಕೆಡವು ಅಂದಾರ. ಈಗ, ಇಲ್ಲೇ, ಶಾಲು ಹೊಚ್ಚುವಾಗ ಹೇಳ್ಯಾರ."

"ಮೈಕ್ ಬಂದ್ ಮಾಡಲೇ ಶಿದ್ಲಿಂಗ್ಯಾ!" ಸಾವಕಾರರು ಚೀರಿದರು. ಮೈಕು ಇನ್ನೂ ನಡೆದಿತ್ತು. ಆ ಚೀರಾಟವೂ ನಾಲ್ಕು ದಿಕ್ಕಿನ ಸ್ಪೀಕರುಗಳಲ್ಲಿ ಊರಿಗೆಲ್ಲ ಕೇಳಿಸಿತು. ಶಿದ್ಲಿಂಗಪ್ಪ ಗಾಬರಿಬಿದ್ದು ವಾಯರು ಕಿತ್ತ. ಸೈಮಾ ಬರೀ ಗಂಟಲಿನಿಂದ ಕೂಗಿದಳು.

"ಕೆಡವಾಂಗಿಲ್ಲ! ಯಾರದೂ ಕಾಲು ಮುರ್ಯಾಂಗಿಲ್ಲ ನಾ ಇನ್ನ! ಈ ಕಾಲು ನಿಮ್ಮ ಎರವಲಲ್ಲ, ನಂದು!"

ಸಾವಕಾರರು ಕಿಸೆಯಿಂದ ಕಾಗದ ತೆಗೆದರು. ಅವಳ ಮುಖದ ಮುಂದೆಯೇ ನಾಲ್ಕು ತುಂಡು ಮಾಡಿದರು. ಗೋವಾ, ಆ ಹಸಿರು ಮೈದಾನ, ಕಾಲು ಬೇಕೋ ಚೆಂಡು ಬೇಕೋ ಎಂದು ಕೇಳಿ ಕಲಿಸಿದ ಆ ಹೆಂಗಸು, ಎಲ್ಲ ಅಲ್ಲಿಗೆ ಮುಗಿಯಿತು. ಸೈಮಾಳಿಗೆ ಅಳು ಬಂತು. ಅತ್ತಳು. ಅಳುತ್ತಲೇ ನಿಂತಿದ್ದಳು, ಕೆಳಗೆ ಬಗ್ಗಿ ಆ ತುಂಡುಗಳನ್ನು ಆರಿಸಲಿಲ್ಲ.

ಜನರ ನಡುವೆ ದಾರಿ ಮಾಡಿಕೊಂಡು ಅರ್ಚನಾ ಬಂದಳು. ಮುಖ ಬಿಳುಚಿಕೊಂಡಿತ್ತು. ಸೈಮಾಳ ಎದುರು ನಿಂತು ಕಪಾಳಕ್ಕೆ ಬಾರಿಸಿದಳು. ಮತ್ತೊಂದು ಬಾರಿಸಿದಳು. ಸೈಮಾ ಕೈ ಅಡ್ಡ ಹಿಡಿಯಲಿಲ್ಲ.

"ಮೂರ ವರ್ಷಾ," ಎಂದಳು ಅರ್ಚನಾ. "ಮೂರ ವರ್ಷಾ ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಅಂತ ಊರಮಂದಿಗೆಲ್ಲಾ ಹೇಳೇನಲ್ಲೇ ನಾ."

"ಹೌದು."

"ಪೊಲೀಸ್ ಠಾಣ್ಯಾಗ ಹೇಳ್ತೀಯೇನ ಇದನ್ನ? ಹಿಂಗ, ಒಂದೂ ಬಿಡದಂಗ?"

"ಹೇಳ್ತೇನಿ."

"ನಿನ್ನ ಮ್ಯಾಲೂ ಕೇಸ್ ಆಗತೈತಿ. ನಾನ ಬರಸ್ತೇನಿ."

"ಬರಸು."

"ನಡಿ ಹಂಗಾರ."

ಮಾಸ್ತರರು ಅಡ್ಡ ಬಂದರು. ಅಷ್ಟರಲ್ಲಿ ಶೆಟ್ಟೆವ್ವ ಮತ್ತವಳ ತಂಡದವರು ಶಾಮಿಯಾನದ ಹತ್ತಿರ ಬಂದು ನಿಂತಿದ್ದರು. ಮಾಸ್ತರರ ಎದುರಿಗೆ ಸಾಲಾದರು. ಮಾಸ್ತರರು ಪಕ್ಕಕ್ಕೆ ಸರಿದರು.

ಗೇಟು ದಾಟುವಾಗ ಸೈಮಾಳ ಫೋನು ರಿಂಗಾಯಿತು. ಸುಲ್ತಾನಾಬಿ. "ಖೋಲಿ ಈಗಿಂದೀಗ ಖಾಲಿ ಮಾಡ ಅನ್ನಾಕತ್ತಾರ. ಏನ್ ಮಾಡಿದಿ ಸೈಮಾ?"

"ಅರ್ಚನಾನ ಕಾಲಿಂದು ಖರೆ ಹೇಳಿದ್ನಿ ಅವ್ವಾ. ಎಲ್ಲಾರ ಮುಂದ."

ಸುಲ್ತಾನಾಬಿ ಕೆಮ್ಮಿದ್ದು ಕೇಳಿಸಿತು. "ಕಾಲಿಂದು ಖರೆ ಅಂದ್ರ? ನೀನ ಮಾಡಿದೇನ?"

"ನಾನ ಮಾಡೇನಿ ಅವ್ವಾ."

"ಆಕಿ ಎಲ್ಲದಾಳ?"

"ನನ್ನ ಬಾಜೂಕ ಅದಾಳ."

"ಆಕಿನ್ನ ಬಿಟ್ಟು ಬರಬ್ಯಾಡ. ನಾ ಗಂಟು ಕಟ್ಟತೇನಿ," ಎಂದು ಫೋನು ಇಟ್ಟಳು.

ಠಾಣೆಗೆ ಅರ್ಧ ಮೈಲಿ. ಬಿಸಿಲು ಇನ್ನೂ ಇತ್ತು. ಅರ್ಚನಾ ಕಾಲೆಳೆಯುತ್ತ ನಡೆದಳು. ಆ ಕಾಲು ನಡೆಯುವುದನ್ನು ಸೈಮಾ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಹೆಜ್ಜೆಹೆಜ್ಜೆಗೂ ಅದು ಒಳಗೆ ತಿರುಗುತ್ತಿತ್ತು. ತಡೆಯಲಾರದೆ ತೋಳು ಹಿಡಿಯಲು ಹೋದಳು.

"ಮುಟ್ಟಬ್ಯಾಡ," ಎಂದಳು ಅರ್ಚನಾ. "ಬಾಜೂಕ ನಡಿ, ಸಾಕು."

ಹಿಂದಿನಿಂದ ಜೀಪಿನ ಸದ್ದು ಬಂತು. ಸಾವಕಾರರ ಜೀಪು. ಅದು ಮುಂದೆ ಹೋಗಲಿಲ್ಲ. ಇವರ ನಡಿಗೆಗೆ ಸರಿಯಾಗಿ, ನಿಧಾನವಾಗಿ, ಬೆನ್ನಿಗೆ ಬಿಸಿ ತಾಗುವಷ್ಟು ಹತ್ತಿರ ಬರುತ್ತಿತ್ತು. ಹಾರ್ನು ಹೊಡೆಯಿತು. ರಸ್ತೆ ಬದಿಯ ಅಂಗಡಿಯವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಹಾರ್ನು ಮತ್ತೆ ಹೊಡೆಯಿತು, ಈ ಸಲ ನಿಲ್ಲಿಸದೆ. ಸೈಮಾ ಎರಡು ಹೆಜ್ಜೆ ಹಿಂದಕ್ಕೆ ಬಂದು ಅರ್ಚನಾಳಿಗೂ ಜೀಪಿಗೂ ನಡುವೆ ನಡೆಯತೊಡಗಿದಳು. ಹಿಂತಿರುಗಿ ನೋಡಲಿಲ್ಲ, ರಸ್ತೆಯನ್ನೂ ಬಿಡಲಿಲ್ಲ.